ಹಾಡುವುದಕ್ಕೂ ಕೇಳುವುದಕ್ಕೂ ಒಂದೇ ಕಂಪ್ಯೂಟರ್: ದೊಡ್ಡಪ್ಪನ ಕಿವಿಮಾತು

ಮಗು, ನೀನು ಫೋನಿನಲ್ಲಿ ಕೇಳಿದ್ದಕ್ಕೆಲ್ಲ ಅಲ್ಲೇ ಉತ್ತರ ಹೇಳಿದ್ದರೆ ಅರ್ಧ ಮರೆತುಹೋಗುತ್ತಿತ್ತು. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಮೈಸೂರಿನ ಬಾಡಿಗೆ ಮನೆಯಲ್ಲಿ ಹತ್ತಡಿ ಚೌಕದ ಕೋಣೆ, ಒಂದು ವಿಂಡೋಸ್ ಲ್ಯಾಪ್‌ಟಾಪ್. ನಿನ್ನ ಹಾಡಿನ ರೆಕಾರ್ಡಿಂಗ್ ಅದರಲ್ಲೇ, ಅಮೆರಿಕದಲ್ಲಿರುವ ಕನ್ನಡದ ಮಕ್ಕಳಿಗೆ ಬೆಳಗಿನ ಪಾಠ ಅದರಲ್ಲೇ, ರಾತ್ರಿ ಊಟವಾದ ಮೇಲೆ ಕೇಳುವ ಕಛೇರಿಯೂ ಅದರಲ್ಲೇ. ಇದೇನೂ ಆಗದ ಕೆಲಸವಲ್ಲ. ಒಂದು ಸಂಗತಿ ಮಾತ್ರ ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರಿಂದಲೇ ಹೊರಡುತ್ತದೆ. ಹಾಡುವಾಗ ನಿನ್ನ ದನಿ ತಡವಾಗದೆ, ಯಾವ ಅಲಂಕಾರವೂ ಇಲ್ಲದೆ ನಿನ್ನ ಕಿವಿಗೆ ವಾಪಸ್ ಬರಬೇಕು. ಕೇಳುವಾಗ ಸ್ವಲ್ಪ ತಡವಾದರೂ ಅಡ್ಡಿಯಿಲ್ಲ, ನಡುವೆ ಕಡಿಯಬಾರದು. ಎರಡೂ ಕೆಲಸ ಕಂಪ್ಯೂಟರಿನಿಂದ ಬೇಡುವುದು ಬೇರೆ ಬೇರೆ. ಮನೆಯಲ್ಲಿ ರೆಕಾರ್ಡ್ ಮಾಡುವವರು ನನ್ನ ಹತ್ತಿರ ತರುವ ದೂರುಗಳಲ್ಲಿ ಬಹುಪಾಲು ಒಂದು ಕೆಲಸದ ಸೆಟ್ಟಿಂಗನ್ನು ಇನ್ನೊಂದಕ್ಕೂ ಹಾಗೇ ಬಿಟ್ಟದ್ದರಿಂದ ಬಂದಂಥವು.

• ಮೊದಲು ಒಂದು ಹಾಳೆಯ ಮೇಲೆ ದನಿಯ ದಾರಿ ಬರೆ. ಗಂಟಲು, ಕೋಣೆ, ಮೈಕು, ಕೇಬಲ್ಲು, ಆಡಿಯೊ ಇಂಟರ್‌ಫೇಸು, ಯುಎಸ್‌ಬಿ, ಡ್ರೈವರ್, ರೆಕಾರ್ಡಿಂಗ್ ತಂತ್ರಾಂಶ. ಅಲ್ಲಿಂದ ತಿರುಗಿ ಡ್ರೈವರ್, ಇಂಟರ್‌ಫೇಸು, ಹೆಡ್‌ಫೋನು ಇಲ್ಲವೇ ಸ್ಪೀಕರು, ಕಿವಿ. ಇದನ್ನು ಮೇಜಿನ ಮುಂದಿನ ಗೋಡೆಗೆ ಅಂಟಿಸು. ಶಬ್ದವೇ ಬರದಿದ್ದಾಗ, ಅಥವಾ ಗೊರಗೊರ ಎಂದಾಗ, ಸಿಕ್ಕಸಿಕ್ಕ ಗುಂಡಿ ಒತ್ತಬೇಡ. ಒಂದು ತುದಿಯಿಂದ ಹಿಡಿದು ಒಂದೊಂದೇ ಕೊಂಡಿ ನೋಡುತ್ತ ಬಾ, ಒಂದು ಸಲಕ್ಕೆ ಒಂದನ್ನೇ ಬದಲಿಸು. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

• ದುಡ್ಡು ಬಿಚ್ಚುವ ಮೊದಲು ಕೋಣೆಯ ಮಧ್ಯೆ ನಿಂತು ಒಂದು ಚಪ್ಪಾಳೆ ತಟ್ಟು. ಬರಿಗೋಡೆ, ಟೈಲ್ಸ್ ನೆಲ, ಕಾಂಕ್ರೀಟ್ ತಾರಸಿ ಇರುವ ಕೋಣೆಯಲ್ಲಿ ಚಪ್ಪಾಳೆಯ ಬೆನ್ನಿಗೇ ಒಂದು ಝಣಝಣ ಕೇಳಿಸುತ್ತದೆ. ಎದುರುಬದುರು ಗೋಡೆಗಳ ನಡುವೆ ಶಬ್ದ ಓಡಾಡುವುದರಿಂದ ಹುಟ್ಟುವ ಸದ್ದು ಅದು. ನಮ್ಮ ಕಿವಿ ದಿನವೂ ಅದನ್ನು ಪಕ್ಕಕ್ಕಿಟ್ಟು ಕೇಳಲು ಕಲಿತಿರುತ್ತದೆ, ಮೈಕಿಗೆ ಆ ವಿವೇಕವಿಲ್ಲ. ಒಮ್ಮೆ ರೆಕಾರ್ಡಿಂಗಿನಲ್ಲಿ ಸೇರಿಕೊಂಡರೆ ತೆಗೆಯುವುದು ಬಹಳ ಕಷ್ಟ.

ನೆಲಕ್ಕೆ ಜಮಖಾನ ಹಾಸು. ಮನೆಯಲ್ಲಿ ನವಲಗುಂದದ ದಪ್ಪ ಹತ್ತಿಯ ಜಮಖಾನ ಇದೆಯಲ್ಲ, ಅದೇ ಸಾಕು. ಮೈಕು ನೋಡುವುದು ನಿನ್ನನ್ನು, ನಿನ್ನ ಬೆನ್ನ ಹಿಂದಿನ ಗೋಡೆಯನ್ನು. ಆದ್ದರಿಂದ ಮೊದಲು ಮುಚ್ಚಬೇಕಾದದ್ದು ನಿನ್ನ ಬೆನ್ನ ಹಿಂದೆ. ಅಲ್ಲಿ ಒಂದು ಹಗ್ಗ ಕಟ್ಟಿ, ನಿಮ್ಮತ್ತೆ ಧಾರವಾಡದಿಂದ ಕಳಿಸಿದ ಕೌದಿಗಳನ್ನು ಎರಡು ಪದರವಾಗಿ ಇಳಿಬಿಡು. ಗೋಡೆಗೆ ಅಂಟಿದಂತೆ ಬೇಡ, ಒಂದು ಗೇಣು ಜಾಗ ಬಿಡು. ಆ ಗಾಳಿಯ ಜಾಗದಿಂದಾಗಿ ಕೆಳಗಿನ ಸ್ವರಗಳನ್ನೂ ಕೌದಿ ಸ್ವಲ್ಪ ಹಿಡಿಯುತ್ತದೆ. ಸೀರೆ ತುಂಬಿದ ಬೀರುವಿನ ಬಾಗಿಲು ತೆರೆದಿಡು. ಪುಸ್ತಕದ ಕಪಾಟೂ ಒಳ್ಳೆಯದೇ, ಅದು ಶಬ್ದವನ್ನು ಒಡೆದು ಚದುರಿಸುತ್ತದೆ. ಮೊಟ್ಟೆಯ ಟ್ರೇ ಅಂಟಿಸು ಎನ್ನುವವರ ಮಾತು ಕೇಳಬೇಡ, ತೆಳು ರಟ್ಟಿನಿಂದ ಏನೂ ಆಗುವುದಿಲ್ಲ. ಒಂದಿಂಚಿನ ಫೋಮನ್ನು ಗೋಡೆ ತುಂಬ ಅಂಟಿಸಿದರೆ ದನಿಯ ಮೇಲಿನ ಹೊಳಪೆಲ್ಲ ಇಂಗಿ, ಗುಮ್ಮೆನ್ನುವುದು ಮಾತ್ರ ಉಳಿಯುತ್ತದೆ. ಅಂಥ ಕೋಣೆಗಳಲ್ಲಿ ಹಾಡಿದ್ದನ್ನು ಕೇಳಿ ನನಗೆ ಬೇಸರವಾಗಿದೆ, ಒಳ್ಳೆಯ ಗಂಟಲು ಅಲ್ಲಿ ಮಂಕಾಗಿರುತ್ತದೆ.

ಮನೆಯ ಕೋಣೆಯಲ್ಲಿ ಎಷ್ಟು ತಾನೇ ಆದೀತು ಎಂದು ಅಳುಕಬೇಡ. 1935ರಲ್ಲಿ ಇದೇ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ರೇಡಿಯೊ ಪ್ರಸಾರವನ್ನೇ ತಮ್ಮ ಮನೆಯಿಂದ ಶುರುಮಾಡಿದರು.

• ಸೀಲಿಂಗ್ ಫ್ಯಾನು, ಫ್ರಿಜ್ಜು, ನೀರಿನ ಮೋಟರು ರೆಕಾರ್ಡಿಂಗ್ ಹೊತ್ತಿನಲ್ಲಿ ಬಂದ್. ಕುಕ್ಕರ್ ಇಡುವವರಿಗೆ ಮೊದಲೇ ಹೇಳಿರು. ಹಾಡುವ ಮುಂಚೆ ಅರ್ಧ ನಿಮಿಷ ಬರೀ ಮೌನವನ್ನು ರೆಕಾರ್ಡ್ ಮಾಡಿಕೋ. ಆಮೇಲೆ ಸದ್ದು ತಗ್ಗಿಸಬೇಕಾದರೆ ತಂತ್ರಾಂಶಕ್ಕೆ ಆ ತುಣುಕು ಬೇಕಾಗುತ್ತದೆ.

• ದುಡ್ಡು ಖರ್ಚಿನ ಕ್ರಮ ನನ್ನನ್ನು ಕೇಳಿದರೆ ಹೀಗೆ: ಕೋಣೆ, ಮೈಕು, ಹೆಡ್‌ಫೋನು, ಇಂಟರ್‌ಫೇಸು, ಸ್ಪೀಕರು, ಕೊನೆಗೆ ಕಂಪ್ಯೂಟರು. ಒಂದು ದನಿ, ಒಂದು ತಂಬೂರಿ ರೆಕಾರ್ಡ್ ಮಾಡಲು ನಿನ್ನ ಈಗಿನ ಲ್ಯಾಪ್‌ಟಾಪ್ ಧಾರಾಳವಾಯಿತು. ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ ಕೇಬಲ್ಲು, ಪಿನ್ನು, ಸ್ಟ್ಯಾಂಡು ನೋಡಿ ಕೊಳ್ಳಬಹುದು. ಮೈಕನ್ನು ಮಾತ್ರ ಬಿಲ್ಲು ಮತ್ತು ವಾರಂಟಿ ಕೊಡುವ ಅಧಿಕೃತ ಮಾರಾಟಗಾರರಿಂದಲೇ ತಗೋ. ಹೆಸರುವಾಸಿ ಮೈಕುಗಳ ನಕಲಿಗಳು ಬಹಳ, ಹೊರಗಿನಿಂದ ನೋಡಿದರೆ ಗೊತ್ತಾಗುವುದೇ ಇಲ್ಲ.

• ಮೈಕು ಎರಡು ಬಗೆ. ಕಂಡೆನ್ಸರ್ ಮೈಕು ಸೂಕ್ಷ್ಮ: ಗಮಕದ ಎಳೆ, ಉಸಿರಿನ ನಯ ಎಲ್ಲ ಹಿಡಿಯುತ್ತದೆ, ಜೊತೆಗೆ ಪಕ್ಕದ ಮನೆಯ ಮಿಕ್ಸಿಯನ್ನೂ ಹಿಡಿಯುತ್ತದೆ. ಡೈನಮಿಕ್ ಮೈಕು ಒರಟು, ಹತ್ತಿರದ್ದನ್ನು ಮಾತ್ರ ಚೆನ್ನಾಗಿ ಕೇಳುತ್ತದೆ. 1966ರಲ್ಲಿ ಬಂದ ಶೂರ್ ಎಸ್‌ಎಂ58 ಇಂದಿಗೂ ವೇದಿಕೆಗಳ ಮೇಲೆ ಕಾಣಿಸುವುದು ಅದಕ್ಕೇ. ಬೀದಿಗೆ ತೆರೆದ ಕೋಣೆಯಾದರೆ ಡೈನಮಿಕ್, ಒಳಗಿನ ಸದ್ದಿಲ್ಲದ ಕೋಣೆಯಾದರೆ ಕಂಡೆನ್ಸರ್. ನಿನ್ನದು ಹಿತ್ತಿಲ ಕಡೆಯ ಕೋಣೆ, ಕಂಡೆನ್ಸರ್ ಆಗಬಹುದು. ಅದಕ್ಕೆ ಇಂಟರ್‌ಫೇಸಿನಿಂದ 48 ವೋಲ್ಟ್ ಕೊಡಬೇಕು, ಆ ಗುಂಡಿಯನ್ನು ಕೇಬಲ್ ಸಿಕ್ಕಿಸಿದ ಮೇಲೆಯೇ ಒತ್ತು. ಒತ್ತುವಾಗ ಹೆಡ್‌ಫೋನಿನ ವಾಲ್ಯೂಮ್ ಸೊನ್ನೆಯಲ್ಲಿರಲಿ, ಕಿವಿಯಲ್ಲಿ ಢಬ್ ಎನ್ನುವುದು ತಪ್ಪುತ್ತದೆ.

• ಕಾರ್ಡಿಯಾಯ್ಡ್ ಎನ್ನುವ ಮೈಕು ಮುಂದಿನಿಂದ ಕೇಳುತ್ತದೆ, ಬೆನ್ನಿನ ಕಡೆಗೆ ಅದು ಬಹುಮಟ್ಟಿಗೆ ಕಿವುಡು. ಆ ಬೆನ್ನು ಎತ್ತ ಇರಬೇಕೆಂಬುದನ್ನು ಮೊದಲು ತೀರ್ಮಾನಿಸು: ಲ್ಯಾಪ್‌ಟಾಪಿನ ಫ್ಯಾನಿನ ಕಡೆಗೆ, ಕಿಟಕಿಯ ಕಡೆಗೆ. ಮೈಕಿನ ಎಕ್ಸ್‌ಎಲ್‌ಆರ್ ಕೇಬಲ್ ಉದ್ದವಾದರೆ ಯೋಚನೆಯಿಲ್ಲ, ಆದ್ದರಿಂದ ಲ್ಯಾಪ್‌ಟಾಪನ್ನು ದೂರ ಇಟ್ಟು ಹಾಡು. ಉದ್ದವಾಗಬಾರದ್ದು ಯುಎಸ್‌ಬಿ ಕೇಬಲ್, ಅದಕ್ಕೆ 5 ಮೀಟರ್ ಮಿತಿ.

ಬಾಯಿಗೂ ಮೈಕಿಗೂ ಒಂದಡಿ ಅಂತರ ಇಟ್ಟು ಶುರುಮಾಡು. ತೀರ ಹತ್ತಿರ ಹೋದರೆ ಇಂಥ ಮೈಕಿನಲ್ಲಿ ಮಂದ್ರ ಊದಿಕೊಳ್ಳುತ್ತದೆ. ಭಾವಗೀತೆಗೆ ಆ ಆಪ್ತತೆ ಕೆಲವೊಮ್ಮೆ ಚೆಂದ, ಕೃತಿಗೆ ಒಪ್ಪುವುದಿಲ್ಲ. 'ಪ', 'ಫ', 'ಭ' ಬಂದಾಗ ಗಾಳಿ ಹೊಡೆಯುತ್ತದೆ, ಮುಂದೆ ಪಾಪ್ ಫಿಲ್ಟರ್ ಇರಲಿ. ಇಲ್ಲವೇ ಮೈಕನ್ನು ಬಾಯಿಯ ನೇರಕ್ಕಿಡದೆ ಸ್ವಲ್ಪ ಪಕ್ಕಕ್ಕೆ ಇಟ್ಟು ಬಾಯಿಯ ಕಡೆ ತಿರುಗಿಸು.

• ಲ್ಯಾಪ್‌ಟಾಪಿನ ಸ್ವಂತ ತೂತಿಗೆ ಮೈಕು ಚುಚ್ಚುವ ಯೋಚನೆ ಬಿಡು. ಅದು ಫೋನಿನಲ್ಲಿ ಮಾತಾಡುವವರಿಗೆ ಮಾಡಿದ್ದು. ಎರಡು ಮೈಕು ಹಿಡಿಯುವ ಸಣ್ಣ ಯುಎಸ್‌ಬಿ ಇಂಟರ್‌ಫೇಸ್ ತೆಗೆದುಕೋ. ಯುಎಸ್‌ಬಿ ಮೈಕು ಅಗ್ಗವಾಗುತ್ತದಲ್ಲ ಎಂದು ನೀನು ಕೇಳಿದೆ. ಬರೀ ರೆಕಾರ್ಡಿಂಗಾದರೆ ಆಗಲಿ ಎನ್ನುತ್ತಿದ್ದೆ. ಆದರೆ ನೀನು ದಿನವೂ ಸಂಗೀತ ಕೇಳುವವಳು. ಇಂಟರ್‌ಫೇಸಾದರೆ ಸ್ಪೀಕರಿಗೂ ಹೆಡ್‌ಫೋನಿಗೂ ಅಲ್ಲಿಂದಲೇ ಶುದ್ಧವಾದ ದನಿ ಸಿಗುತ್ತದೆ, ಮುಂದಿನ ಗುಂಡಿ ತಿರುಗಿಸಿದರೆ ವಾಲ್ಯೂಮ್. ರೆಕಾರ್ಡಿಂಗಿಗೆಂದು ಕೊಂಡದ್ದು ಕೇಳುವುದಕ್ಕೂ ಒದಗುತ್ತದೆ. ಅದನ್ನು ಹಬ್ಬಿಗೆ ಸಿಕ್ಕಿಸಬೇಡ, ನೇರವಾಗಿ ಲ್ಯಾಪ್‌ಟಾಪಿಗೆ.

• ಸ್ಯಾಂಪಲ್ ರೇಟ್ ಎನ್ನುವುದನ್ನು ಹಾಡುವವಳಾದ ನೀನು ಉಳಿದವರಿಗಿಂತ ಹೆಚ್ಚು ಗಮನದಿಂದ ನೋಡಬೇಕು. ಸಿಡಿಯ ಲೆಕ್ಕ ಸೆಕೆಂಡಿಗೆ 44,100 ಮಾದರಿ, ವಿಡಿಯೊದ ಲೆಕ್ಕ 48,000. ಒಂದರಲ್ಲಿ ರೆಕಾರ್ಡಾದ ಫೈಲನ್ನು ಇನ್ನೊಂದರಲ್ಲಿ ನುಡಿಸುವಾಗ ತಂತ್ರಾಂಶ ಸಾಮಾನ್ಯವಾಗಿ ತಾನೇ ಹೊಂದಿಸಿಕೊಳ್ಳುತ್ತದೆ. ಹೊಂದಿಸಿಕೊಳ್ಳದೆ ಹೋದಾಗ ನೋಡು, 44,100ರಲ್ಲಿ ಐದೂವರೆ ಶ್ರುತಿಗೆ ಹಾಡಿದ್ದು 48,000ರಲ್ಲಿ ಆರಕ್ಕೂ ಆರೂವರೆಗೂ ನಡುವೆ ಎಲ್ಲೋ ಕೇಳಿಸುತ್ತದೆ, ಐದು ನಿಮಿಷದ ಹಾಡು 4 ನಿಮಿಷ 36 ಸೆಕೆಂಡಿಗೆ ಮುಗಿಯುತ್ತದೆ. ಬೇರೆಯವರಿಗೆ ಏನೋ ಸ್ವಲ್ಪ ಚುರುಕಾಗಿದೆ ಅನ್ನಿಸಬಹುದು. ನಿನಗೆ, ಅದರ ಮೇಲೆ ತಂಬೂರಿ ಕೂಡಿಸಲು ಹೊರಟಾಗ, ಶ್ರುತಿಯೇ ಸೇರುವುದಿಲ್ಲ.

ನೀನು ವಿಡಿಯೊ ಮಾಡುವವಳು. ಎಲ್ಲ ಕಡೆಯೂ 48,000, 24 ಬಿಟ್ ಎಂದು ಒಂದೇ ಸಲ ನಿಶ್ಚಯಿಸು. ವಿಂಡೋಸಿನ ಸೌಂಡ್ ಕಂಟ್ರೋಲ್ ಪ್ಯಾನಲ್‌ನಲ್ಲಿ ಇಂಟರ್‌ಫೇಸಿನ ಪ್ರಾಪರ್ಟೀಸ್ ತೆರೆದು ಅಡ್ವಾನ್ಸ್‌ಡ್ ಪುಟದಲ್ಲಿ ಅದನ್ನೇ ಹಾಕು. ಪ್ಲೇಬ್ಯಾಕ್ ಒಂದು ಕಡೆ, ರೆಕಾರ್ಡಿಂಗ್ ಇನ್ನೊಂದು ಕಡೆ ಇರುತ್ತದೆ, ಎರಡರಲ್ಲೂ ಹಾಕಬೇಕು. ರೆಕಾರ್ಡಿಂಗ್ ತಂತ್ರಾಂಶದಲ್ಲೂ ಅದೇ. 96,000, 192,000 ಎಂದು ಅಂಗಡಿಯವರು ಆಸೆ ತೋರಿಸುತ್ತಾರೆ. ಮನುಷ್ಯನ ಕಿವಿ ಕೇಳುವುದೇ ಹೆಚ್ಚೆಂದರೆ 20,000 ಹರ್ಟ್ಜ್‌ವರೆಗೆ, ಅದಕ್ಕೆ 48,000 ಬೇಕಾದಷ್ಟಾಯಿತು. ಹೆಚ್ಚಿಗೆ ತುಂಬುವುದು ಡಿಸ್ಕು ಮಾತ್ರ.

• ಇನ್ನು ಬಫರ್. ಎರಡು ಕೆಲಸಗಳ ಜಗಳ ನಡೆಯುವುದು ಇಲ್ಲೇ. ಕಂಪ್ಯೂಟರ್ ದನಿಯನ್ನು ಹನಿಹನಿಯಾಗಿ ಕೈದಾಟಿಸುವುದಿಲ್ಲ, ಒಂದಿಷ್ಟು ಕೂಡಿಟ್ಟುಕೊಂಡು ಮುಂದೆ ಬಿಡುತ್ತದೆ, ನಮ್ಮ ಮನೆ ಮೇಲಿನ ನೀರಿನ ಟ್ಯಾಂಕಿನ ಥರ. ಟ್ಯಾಂಕು ದೊಡ್ಡದಾದರೆ ಬೀದಿಯ ನೀರು ನಿಂತು ನಿಂತು ಬಂದರೂ ನಲ್ಲಿ ಕಡಿಯುವುದಿಲ್ಲ. ಆದರೆ ಈಗ ಒಳಗೆ ಬಿದ್ದ ನೀರು ನಲ್ಲಿಗೆ ಬರಲು ಹೊತ್ತಾಗುತ್ತದೆ.

48,000 ರೇಟಿನಲ್ಲಿ 128 ಮಾದರಿಯ ಬಫರ್ ಎಂದರೆ ಸುಮಾರು 2.7 ಮಿಲಿಸೆಕೆಂಡ್ ತಡ, 1024 ಎಂದರೆ 21 ಮಿಲಿಸೆಕೆಂಡ್. ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ, ಹೀಗೆ ಎರಡರಷ್ಟು. ಮೇಲೆ ಯಂತ್ರದ ಸ್ವಂತ ತಡ ಬೇರೆ. ಹತ್ತು ಮಿಲಿಸೆಕೆಂಡಿನಲ್ಲಿ ಶಬ್ದ ಗಾಳಿಯಲ್ಲಿ ಹನ್ನೊಂದು ಅಡಿ ಸಾಗುತ್ತದೆ. ವೇದಿಕೆಯಲ್ಲಿ ಮೃದಂಗದವರು ಅಷ್ಟು ದೂರ ಕೂತರೂ ನೀನು ಹಾಡಿಕೊಂಡು ಹೋಗುತ್ತೀ. ನಲವತ್ತು ಮಿಲಿಸೆಕೆಂಡಾದರೆ ನಿನ್ನ ದನಿಯೇ ನಿನ್ನನ್ನು ಹಿಂದಿನಿಂದ ಎಳೆಯುತ್ತದೆ, ಕಾಲಪ್ರಮಾಣ ಜಾರುತ್ತದೆ.

ಹಾಡುವಾಗ 128 ಅಥವಾ 256. ಹಾಡಿ ಮುಗಿಸಿ, ಹೊಂದಿಸುವ ಕೆಲಸಕ್ಕೆ ಕೂತಾಗ, ಕಛೇರಿ ಕೇಳುವಾಗ 1024. ಬಫರ್ ಚಿಕ್ಕದಿದ್ದು ಕಂಪ್ಯೂಟರಿಗೆ ಕೆಲಸ ಹೆಚ್ಚಾದರೆ ಟಕ್ ಟಕ್ ಎಂದು ಕಡಿಯುತ್ತದೆ. ಆ ಸದ್ದು ಕೇಳಿ ಮೈಕು ಕೆಟ್ಟಿತೆಂದು ರಿಪೇರಿಗೆ ಒಯ್ದವರನ್ನು ನೋಡಿದ್ದೇನೆ. ಬಫರನ್ನು ಒಂದು ಮೆಟ್ಟಿಲು ಏರಿಸಿದರೆ ಮುಗಿಯುತ್ತಿತ್ತು.

• ಇಂಟರ್‌ಫೇಸ್ ಕಂಪನಿಯ ಜಾಲತಾಣದಿಂದ ಅದರದ್ದೇ ಆಸಿಯೊ ಡ್ರೈವರ್ ಇಳಿಸಿಕೋ. 1997ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ ತಂದ ಏರ್ಪಾಟು ಅದು. ವಿಂಡೋಸಿನ ಮಿಕ್ಸರನ್ನು ದಾಟಿ ತಂತ್ರಾಂಶಕ್ಕೂ ಯಂತ್ರಕ್ಕೂ ನೇರ ದಾರಿ ಮಾಡಿಕೊಡುತ್ತದೆ. ರೀಪರ್‌ನಂಥ ತಂತ್ರಾಂಶಕ್ಕೆ ಇದು ಸಿಗುತ್ತದೆ. ಉಚಿತವಾಗಿ ಸಿಗುವ ಆಡಾಸಿಟಿಯ 3ನೇ ಸರಣಿಯಲ್ಲಿ ಆಸಿಯೊ ಇಲ್ಲ, ಅಲ್ಲಿ ವಿಂಡೋಸಿನದೇ ಆದ ವಾಸಾಪಿ ಆರಿಸಿಕೋ. ಶುರುವಿಗೆ ಆಡಾಸಿಟಿಯೇ ಸಾಕು, ಮುಂದಿನ ಕಿವಿಮಾತು ಪಾಲಿಸಿದರೆ ತಡದ ತೊಂದರೆಯೂ ಇರುವುದಿಲ್ಲ.

• ಇಂಟರ್‌ಫೇಸಿನ ಮೇಲೆ ಡೈರೆಕ್ಟ್ ಮಾನಿಟರ್ ಎಂಬ ಗುಂಡಿ ಇರುತ್ತದೆ. ಒತ್ತಿದರೆ ನಿನ್ನ ದನಿ ಕಂಪ್ಯೂಟರಿನೊಳಗೆ ಹೋಗಿ ಬರುವ ತನಕ ಕಾಯದೆ ಅಲ್ಲಿಂದಲೇ ಹೆಡ್‌ಫೋನಿಗೆ ಬರುತ್ತದೆ. ಆಗ ತಂತ್ರಾಂಶದೊಳಗಿನ ಮಾನಿಟರ್ ಆಫ್ ಮಾಡು, ಇಲ್ಲದಿದ್ದರೆ ಎರಡು ದನಿ ಕೇಳುತ್ತದೆ. ಹಾಡಿ ಮುಗಿದ ಮೇಲೆ ಆ ಗುಂಡಿಯನ್ನು ಮರೆಯದೆ ಆಫ್ ಮಾಡು.

• ತಂಬೂರಿ ಆ್ಯಪನ್ನು ಮೈಕಿನ ಪಕ್ಕದಲ್ಲಿ ಸ್ಪೀಕರಿನಲ್ಲಿ ಹಾಕಿ ಹಾಡಬೇಡ. ಹೆಡ್‌ಫೋನಿನಲ್ಲಿ ಕೇಳಿಕೊಂಡು ಹಾಡು. ಶ್ರುತಿಯನ್ನು ಬೇರೆ ಟ್ರ್ಯಾಕಾಗಿ ಇಟ್ಟರೆ ಆಮೇಲೆ ಏರಿಸಬಹುದು, ಇಳಿಸಬಹುದು, ಬೇಡವಾದರೆ ತೆಗೆಯಬಹುದು. ಇದಕ್ಕೆ ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನೇ ಬೇಕು, ತೆರೆದ ಬೆನ್ನಿನದ್ದರಿಂದ ಶ್ರುತಿ ಸೋರಿ ಮೈಕಿಗೆ ಸೇರುತ್ತದೆ. ಒಂದು ಕಿವಿಯನ್ನು ಅರ್ಧ ಸರಿಸಿಕೊಂಡು ಹಾಡುವ ಅಭ್ಯಾಸ ಬಹಳ ಗಾಯಕರಿಗೆ ಇದೆ. ನಿನಗೂ ಹಾಗೇ ಹಿತವಾದರೆ ಆ ಕಡೆಯ ದನಿಯನ್ನು ಆಫ್ ಮಾಡಿಬಿಡು.

• ಗೇನ್, ಎಂದರೆ ಮೈಕಿನ ದನಿಯನ್ನು ಎಷ್ಟು ಏರಿಸಿ ಒಳಗೆ ಬಿಡಬೇಕೆಂಬುದನ್ನು, ಇಡುವಾಗ ಮಧ್ಯಸ್ಥಾಯಿಯಲ್ಲಿ ಗುನುಗಿ ಇಡಬೇಡ. ಆ ಹಾಡಿನಲ್ಲಿ ನೀನು ಮುಟ್ಟುವ ಅತ್ಯಂತ ಜೋರಿನ ಜಾಗ, ತಾರಸ್ಥಾಯಿಯ ಪಂಚಮವೋ ಏನೋ, ಅದನ್ನು ನಿಜವಾಗಿ ಹಾಡಿ ನೋಡು. ಮೀಟರು ಆಗಲೂ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲೇ ನಿಲ್ಲಬೇಕು. ಸೊನ್ನೆ ಮುಟ್ಟಿದರೆ ಅಲೆಯ ತಲೆ ಕತ್ತರಿಸಿಹೋಗುತ್ತದೆ, ಆ ಸ್ವರ ಮತ್ತೆ ಸಿಗುವುದಿಲ್ಲ. ಟೇಪಿನ ಕಾಲದಲ್ಲಿ ನಾವು ಸೂಜಿಯನ್ನು ಕೆಂಪಿನ ಅಂಚಿನವರೆಗೂ ಒಯ್ಯುತ್ತಿದ್ದೆವು, ಏಕೆಂದರೆ ತಗ್ಗಿಸಿದರೆ ಟೇಪಿನ ಹಿಸ್ ಮೇಲೆ ಬರುತ್ತಿತ್ತು. 24 ಬಿಟ್ಟಿನಲ್ಲಿ ಆ ಭಯವಿಲ್ಲ. ಕಡಿಮೆ ಮಟ್ಟದಲ್ಲಿ ಹಿಡಿದು ಆಮೇಲೆ ಏರಿಸಿದರೆ ಏನೂ ಕೆಡುವುದಿಲ್ಲ.

• ವಿಂಡೋಸ್ ನಮ್ಮ ಒಳ್ಳೆಯದಕ್ಕೆಂದು ಮಾಡುವ ಕೆಲವು ಉಪಕಾರಗಳನ್ನು ಮೊದಲ ದಿನವೇ ನಿಲ್ಲಿಸು. ಸೌಂಡ್ ಪ್ಯಾನಲ್‌ನ ಕಮ್ಯುನಿಕೇಶನ್ಸ್ ಪುಟದಲ್ಲಿ, ಕರೆ ಬಂದಾಗ ಉಳಿದ ಶಬ್ದಗಳನ್ನು ಶೇ. 80ರಷ್ಟು ತಗ್ಗಿಸು ಎಂದು ಮೊದಲೇ ಇರುತ್ತದೆ. ಪಾಠದ ನಡುವೆ ತಂಬೂರಿ ತಾನಾಗಿ ಕುಗ್ಗುವುದು ಇದರಿಂದ. ಏನೂ ಮಾಡಬೇಡ ಎನ್ನುವುದನ್ನು ಆರಿಸು. ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ ಎಂದಿರುವುದನ್ನೆಲ್ಲ ಆಫ್ ಮಾಡು. ಇಲ್ಲದಿದ್ದರೆ ಕೇಳುವಾಗ ಬಾಸ್ ಹೆಚ್ಚಿದೆ ಎಂದು ಖುಷಿಪಟ್ಟು, ಅದನ್ನೇ ನಂಬಿ ನಿನ್ನ ರೆಕಾರ್ಡಿಂಗಿನಲ್ಲಿ ಬಾಸ್ ಕಡಿಮೆ ಮಾಡಿಬಿಡುತ್ತೀ. ಟಿಂಗ್ ಎನ್ನುವ ಸೂಚನೆಗಳನ್ನು ನೋ ಸೌಂಡ್ಸ್ ಮಾಡು. ಅವು ಬೇಕೇ ಬೇಕೆಂದರೆ ವಾಲ್ಯೂಮ್ ಮಿಕ್ಸರಿನಲ್ಲಿ ಲ್ಯಾಪ್‌ಟಾಪಿನ ಸ್ವಂತ ಸ್ಪೀಕರಿಗೆ ಕಳಿಸು, ಇಂಟರ್‌ಫೇಸಿಗೆ ಸಂಗೀತ ಮಾತ್ರ ಹೋಗಲಿ.

• ರೆಕಾರ್ಡಿಂಗಿಗೆ ಕೂರುವ ಮುಂಚೆ ಬ್ರೌಸರ್ ಮುಚ್ಚು, ವೈಫೈ ಆರಿಸು, ಫೋನು ಪಕ್ಕದ ಕೋಣೆಯಲ್ಲಿರಲಿ.

• ಬ್ಲೂಟೂತ್ ಕಿವಿಗುಬ್ಬಿಗಳು ಬಸ್ಸಿನಲ್ಲಿ ಕೇಳುವುದಕ್ಕೆ. ಅವುಗಳಲ್ಲಿ ದನಿ ಬರುವುದೇ ಸೆಕೆಂಡಿನ ಹತ್ತರಲ್ಲೊಂದು ಭಾಗಕ್ಕಿಂತ ತಡವಾಗಿ, ಅದನ್ನು ಕೇಳುತ್ತ ಹಾಡಲಾಗುವುದಿಲ್ಲ. ಇನ್ನೊಂದು ತೊಂದರೆ ಬಹಳ ಮಂದಿಗೆ ಗೊತ್ತಿಲ್ಲ: ಅದರ ಮೈಕನ್ನು ಯಾವುದಾದರೂ ತಂತ್ರಾಂಶ ಬಳಸತೊಡಗಿದ ಕೂಡಲೇ ಸಾಧಾರಣವಾಗಿ ಇಡೀ ಹೆಡ್‌ಸೆಟ್ಟು ಟೆಲಿಫೋನ್ ಗುಣಮಟ್ಟಕ್ಕೆ ಇಳಿಯುತ್ತದೆ. ಪಾಠದ ಹೊತ್ತಿನಲ್ಲಿ ಮಕ್ಕಳ ದನಿ ಡಬ್ಬಿಯೊಳಗಿಂದ ಬಂದಂತಿದೆ ಎಂದೆಯಲ್ಲ, ಕಾರಣ ಇದೇ ಇರಬೇಕು. ತಂತಿಯ ಹೆಡ್‌ಫೋನ್ ಹಾಕಿ ನೋಡು.

• ಪಾಠದ ವಿಚಾರ ಬಂತು. ಝೂಮ್ ತಯಾರಾದದ್ದು ಮಾತಿಗೆ. ಒಂದೇ ಸಮನೆ ನುಡಿಯುವ ತಂಬೂರಿ ಅದರ ಲೆಕ್ಕದಲ್ಲಿ ಫ್ಯಾನಿನ ಸದ್ದು. ನಿಧಾನವಾಗಿ ಎಳೆದ ಷಡ್ಜವನ್ನೂ ಅದು ಅರ್ಧಕ್ಕೆ ನುಂಗುತ್ತದೆ. ಮಗು ಸ್ವರ ಹಿಡಿದು ನಿಲ್ಲಿಸಿಲ್ಲ ಎಂದು ನೀನು ಗದರುತ್ತೀ, ಆ ಕಡೆ ಪಾಪ ಅದು ನಿಲ್ಲಿಸಿಯೇ ಇರುತ್ತದೆ. ಆಡಿಯೊ ಸೆಟ್ಟಿಂಗಿನಲ್ಲಿ ಸಂಗೀತಗಾರರಿಗೆಂದೇ ಒರಿಜಿನಲ್ ಸೌಂಡ್ ಎಂಬ ಆಯ್ಕೆ ಇದೆ, ಅದನ್ನು ತೆರೆದು, ತರಗತಿ ಶುರುವಾದ ಮೇಲೆ ಮೇಲಿನ ಗುಂಡಿಯೂ ಆನ್ ಆಗಿದೆಯೇ ನೋಡು. ಮಕ್ಕಳ ಅಪ್ಪ ಅಮ್ಮಂದಿರಿಗೂ ಅವರ ಕಡೆ ಹಾಗೇ ಮಾಡಲು ಹೇಳು. ಇದನ್ನು ಹಾಕಿದಾಗ ಎರಡೂ ಕಡೆ ಹೆಡ್‌ಫೋನ್ ಕಡ್ಡಾಯ, ಇಲ್ಲದಿದ್ದರೆ ಪ್ರತಿಧ್ವನಿ. ಒಟ್ಟಿಗೆ ಹಾಡಿಸುವ ಆಸೆ ಮಾತ್ರ ಬೇಡ. ಸಮುದ್ರದಾಚೆಗಿನ ತಡಕ್ಕೆ ಯಾವ ಸೆಟ್ಟಿಂಗೂ ಇಲ್ಲ. ನೀನು ಹಾಡು, ಅವರು ತಿರುಗಿ ಹಾಡಲಿ.

• ಕೊಂಯ್ ಎನ್ನುವ ಹಮ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕರೆಂಟು 50 ಹರ್ಟ್ಜ್, ಅದು ಸ್ಪೀಕರಿಗೆ ಸೇರಿದಾಗ 50 ಮತ್ತು 100 ಹರ್ಟ್ಜ್ ಎರಡೂ ಕೇಳಿಸುತ್ತವೆ. 100 ಹರ್ಟ್ಜ್ ಎಂದರೆ ಐದು ಶ್ರುತಿಗೂ ನಿನ್ನ ಐದೂವರೆಗೂ ನಡುವೆ ಕೂರುವ ಸ್ವರ. ಎಷ್ಟೇ ಸಣ್ಣಗಿದ್ದರೂ ತಂಬೂರಿಯ ಕೆಳಗೆ ಒಂದು ಅಪಸ್ವರ ಸದಾ ನುಡಿಯುತ್ತಿದ್ದಂತೆ, ನಿನ್ನಂಥ ಕಿವಿಯವರಿಗೆ ತಲೆನೋವು. ಪರೀಕ್ಷೆ ಸುಲಭ: ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸು. ಹಮ್ ಹೋದರೆ ಚಾರ್ಜರಿನ ದಾರಿಯೇ ಕಾರಣ. ಲ್ಯಾಪ್‌ಟಾಪು, ಸ್ಪೀಕರು ಎರಡನ್ನೂ ಅರ್ತ್ ಸರಿಯಿರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕು. ಇಂಟರ್‌ಫೇಸಿನಿಂದ ಸ್ಪೀಕರಿಗೆ ಬ್ಯಾಲೆನ್ಸ್‌ಡ್ ಕೇಬಲ್ ಎಳೆ. ಮೈಕಿನ ಕೇಬಲ್ಲು ಕರೆಂಟಿನ ವೈರಿನ ಜೊತೆಜೊತೆಗೇ ಹಾದಿರಬಾರದು, ದಾಟಬೇಕಾದರೆ ಅಡ್ಡ ದಾಟಲಿ. ಅರ್ತ್ ಪಿನ್ ಮುರಿದುಹಾಕಿದರೆ ಹಮ್ ಹೋಗುತ್ತದೆ ಎಂದು ಯಾರಾದರೂ ಹೇಳಿಯಾರು. ಹೋಗುವುದು ನಿಜ, ಆದರೆ ಶಾಕ್ ಹೊಡೆದರೆ ನಿನ್ನನ್ನು ಕಾಪಾಡುವುದು ಆ ಪಿನ್ನೇ. ಅದನ್ನು ಯಾವ ಕಾರಣಕ್ಕೂ ಮುಟ್ಟಬೇಡ.

ಕರೆಂಟು ಹೋಗಿ ಮನೆಯ ಯುಪಿಎಸ್ ಹತ್ತಿಕೊಂಡಾಗ ಕಿರಕಿರ ಶುರುವಾದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬೇಕು. ಆ ಹೊತ್ತಿನಲ್ಲಿ ಸ್ಪೀಕರ್ ಆರಿಸಿ, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಹಾಡು.

• ಸ್ಪೀಕರ್ ಇಡುವುದು ಹೇಗೆ? ನಿನ್ನ ತಲೆ, ಎರಡು ಸ್ಪೀಕರು, ಮೂರೂ ಸೇರಿ ಸಮಭುಜ ತ್ರಿಕೋನ. ಮೂರೂವರೆ ಅಡಿ ಸಾಕು. ಮೇಲಿನ ಚಿಕ್ಕ ಟ್ವೀಟರು ಕೂತಾಗಿನ ಕಿವಿಯ ಎತ್ತರಕ್ಕೆ. ಶೋಕೇಸಿನ ಒಳಗೆ, ಮೂಲೆಯಲ್ಲಿ ಬೇಡ. ನಿನ್ನ ಕೋಣೆ ಚೌಕ, ಅದು ಸ್ವಲ್ಪ ಕಷ್ಟದ್ದು. ಹತ್ತಡಿ ಅಂತರದ ಗೋಡೆಗಳ ನಡುವೆ 56 ಹರ್ಟ್ಜ್ ಸುತ್ತಮುತ್ತಲಿನ ಬಾಸ್ ನಿಂತುಕೊಳ್ಳುತ್ತದೆ, ಚೌಕವಾದ್ದರಿಂದ ಎರಡೂ ದಿಕ್ಕಿನಲ್ಲಿ ಅದೇ ಸ್ವರ. ಗೋಡೆಯ ಹತ್ತಿರ ಕೂತರೆ ಅದು ಊದಿಕೊಂಡು ಕೇಳುತ್ತದೆ, ಕೋಣೆಯ ನಟ್ಟನಡುವೆ ಕೂತರೆ ಮಾಯವಾಗುತ್ತದೆ. ಎರಡೂ ಸುಳ್ಳು. ನಡುವಿನಿಂದ ಒಂದೂವರೆ ಅಡಿ ಹಿಂದೆ ಮುಂದೆ ಕುರ್ಚಿ ಸರಿಸಿ, ಮೃದಂಗದ ತೊಪ್ಪಿಯ ನಾದ ಎಲ್ಲಿ ಸಹಜವೆನಿಸುತ್ತದೋ ಅಲ್ಲಿ ಕೂರು.

• ಈ ಸ್ಪೀಕರಿನಲ್ಲೇ, ಈ ಕುರ್ಚಿಯಲ್ಲೇ ದಿನವೂ ಕೇಳು. ನಾನು ಎರಡೂ ಕೆಲಸಕ್ಕೆ ಒಂದೇ ಏರ್ಪಾಟು ಇರಲಿ ಎಂದು ಪಟ್ಟುಹಿಡಿಯುವುದು ಇದಕ್ಕೇ. ಬಾಯಿಪಾಠವಾಗುವಷ್ಟು ಕೇಳಿದ ನಾಲ್ಕಾರು ಮುದ್ರಣಗಳನ್ನು ಆರಿಸಿಕೋ: ದೊರೆಸ್ವಾಮಿ ಅಯ್ಯಂಗಾರರ ವೀಣೆ, ಮಲ್ಲಿಕಾರ್ಜುನ ಮನ್ಸೂರರ ಗಾಯನ, ಮೈಸೂರು ಅನಂತಸ್ವಾಮಿಯವರ ಭಾವಗೀತೆ. ಅವು ಈ ಸ್ಪೀಕರಿನಲ್ಲಿ ಹೇಗೆ ಕೇಳುತ್ತವೆ ಎನ್ನುವುದು ನಿನ್ನ ಕಿವಿಗೆ ಇಳಿಯಲಿ. ಆಮೇಲೆ ನಿನ್ನ ರೆಕಾರ್ಡಿಂಗ್ ಹಾಕಿದಾಗ ಎಲ್ಲಿ ಹೆಚ್ಚಾಯಿತು, ಎಲ್ಲಿ ಕಡಿಮೆಯಾಯಿತು ಎಂದು ಯಾರನ್ನೂ ಕೇಳಬೇಕಾಗಿಲ್ಲ. ಹೋಲಿಸುವಾಗ ಎರಡರ ವಾಲ್ಯೂಮ್ ಒಂದೇ ಸಮ ಮಾಡಿಕೋ; ಜೋರಾಗಿರುವುದು ಯಾವಾಗಲೂ ಚೆನ್ನಾಗಿದೆ ಎನ್ನಿಸುತ್ತದೆ.

• ಹಾಡನ್ನು ಹೊರಗೆ ಬಿಡುವಾಗ ಜೋರು ಮಾಡುವ ಹುಚ್ಚು ಬೇಡ. ಸ್ಪಾಟಿಫೈನಂಥವು ಎಲ್ಲರ ಹಾಡನ್ನೂ ಮೈನಸ್ 14 ಲಫ್ಸ್ ಎಂಬ ಒಂದು ಮಟ್ಟಕ್ಕೆ ತಂದು ನುಡಿಸುತ್ತವೆ. ಹಿಂಡಿ ಜೋರು ಮಾಡಿದ್ದು ಅಲ್ಲಿ ತಗ್ಗುತ್ತದೆ, ಹಿಂಡಿದ ಗಾಯ ಮಾತ್ರ ಉಳಿಯುತ್ತದೆ.

• ಕಿವಿ ನಿನ್ನ ಜೀವನೋಪಾಯ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಮಟ್ಟ 3 ಡೆಸಿಬೆಲ್ ಏರಿದರೆ ಕೇಳಬಹುದಾದ ಹೊತ್ತು ಅರ್ಧಕ್ಕಿಳಿಯುತ್ತದೆ. ನಿನಗೆ ಪಾಠ, ಅಭ್ಯಾಸ, ರೆಕಾರ್ಡಿಂಗ್ ಎಲ್ಲವೂ ಹೆಡ್‌ಫೋನಿನಲ್ಲೇ. ಆದ್ದರಿಂದ ರಾತ್ರಿಯ ಕಛೇರಿ ಸ್ಪೀಕರಿನಲ್ಲಿ, ಮೆಲ್ಲಗೆ. ಕಿವಿಯಲ್ಲಿ ಗುಂಯ್ ಎಂದ ದಿನ ಪೂರ್ತಿ ವಿಶ್ರಾಂತಿ ಕೊಡು.

• ಪ್ರತಿ ರೆಕಾರ್ಡಿಂಗಿನ ಆರಂಭದಲ್ಲಿ ಬಾಯಲ್ಲೇ ಹೇಳು: ತಾರೀಖು, ಹಾಡು, ರಾಗ, ಶ್ರುತಿ, ಎಷ್ಟನೆಯ ಸಲ. ಗಾಯಕಿ ಗೌಹರ್ ಜಾನ್ 1902ರಿಂದ ಗ್ರಾಮೊಫೋನಿಗೆ ಹಾಡಿದಾಗ ಕೊನೆಯಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ, ಅಲ್ಲಿಯವರಿಗೆ ಯಾರ ಹಾಡೆಂದು ತಿಳಿಯಬೇಕಲ್ಲ. ಗೌಹರ್ ಜಾನ್ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲೇ, 1930ರಲ್ಲಿ ತೀರಿಕೊಂಡದ್ದೂ ಇಲ್ಲೇ. ಇಂದು ಫೈಲಿಗೆ ಹೆಸರು ಕೊಡಬಹುದು, ನಿಜ. ಫೈಲಿನ ಹೆಸರು ಬದಲಾಗುತ್ತದೆ, ದನಿಯೊಳಗೆ ಹೇಳಿದ್ದು ಬದಲಾಗುವುದಿಲ್ಲ.

• 24 ಬಿಟ್, 48,000ದ ಒಂದು ಮೈಕಿನ ರೆಕಾರ್ಡಿಂಗ್ ನಿಮಿಷಕ್ಕೆ 8.6 ಎಂಬಿ, ಗಂಟೆಗೆ ಸುಮಾರು 520 ಎಂಬಿ. ಇಂದಿನ ಡಿಸ್ಕಿಗೆ ಅದು ಯಾವ ಲೆಕ್ಕ? ಆದ್ದರಿಂದ ಮೂಲವನ್ನು ವೇವ್ ಫೈಲಾಗಿಯೇ ಇಡು. ಜಾಗ ಉಳಿಸಬೇಕಾದರೆ ಫ್ಲ್ಯಾಕ್ ಮಾಡು, ಅದರಲ್ಲಿ ಒಂದು ಚೂರೂ ಕಳೆಯುವುದಿಲ್ಲ. ಎಂಪಿ3ಯಲ್ಲಿ ಕಳೆಯುತ್ತದೆ. ಲ್ಯಾಪ್‌ಟಾಪಿನಲ್ಲೊಂದು, ಹೊರಗಿನ ಡಿಸ್ಕಿನಲ್ಲೊಂದು, ಮನೆಯಿಂದಾಚೆ ಎಲ್ಲಾದರೂ ಒಂದು. ಹೊರಗಿನ ಡಿಸ್ಕನ್ನು ಲ್ಯಾಪ್‌ಟಾಪ್ ಚೀಲದಲ್ಲೇ ಇಟ್ಟುಕೊಂಡು ತಿರುಗಿದರೆ ಎರಡೂ ಒಟ್ಟಿಗೆ ಕಳೆದುಹೋಗುತ್ತವೆ.

• ಮಳೆಗಾಲದಲ್ಲಿ ಕಂಡೆನ್ಸರ್ ಮೈಕನ್ನು ಸ್ಟ್ಯಾಂಡಿನ ಮೇಲೆ ಬಿಡಬೇಡ. ತೇವ ಕೂತರೆ ಚಿಟಚಿಟ ಎನ್ನುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿ ಡಬ್ಬಿಯಲ್ಲಿ ಮುಚ್ಚಿಡು. ಗುಡುಗು ಕೇಳಿದ ಕೂಡಲೇ ಪ್ಲಗ್ಗುಗಳನ್ನು ಕಿತ್ತಿಡು, ಸ್ವಿಚ್ ಆರಿಸಿದರೆ ಸಾಲದು.

• ಹೊಂದಿಸಿದ್ದೆಲ್ಲ ಸರಿಬಂದ ದಿನ, ಎರಡು ಪಟ್ಟಿ ಬರೆದಿಡು. ಹಾಡುವಾಗ: ಬಫರ್ 128, ಡೈರೆಕ್ಟ್ ಮಾನಿಟರ್ ಆನ್, ಸ್ಪೀಕರ್ ಆಫ್, ವೈಫೈ ಆಫ್, 48 ವೋಲ್ಟ್ ಆನ್. ಕೇಳುವಾಗ: ಬಫರ್ 1024, ಡೈರೆಕ್ಟ್ ಮಾನಿಟರ್ ಆಫ್, ಮೈಕಿನ ಗೇನ್ ಸೊನ್ನೆ. ದನಿಯ ದಾರಿ ಬರೆದ ಹಾಳೆಯ ಕೆಳಗೇ ಅಂಟಿಸು.

• ಮೊದಲ ಹಾಡು ಆದ ಮೇಲೆ ನನಗೆ ಕಳಿಸು, ವಾಟ್ಸಾಪಿನ ದನಿಸಂದೇಶವಾಗಿ ಬೇಡ, ಅದು ಹಿಂಡಿ ಚಿಕ್ಕದು ಮಾಡಿಬಿಡುತ್ತದೆ. ಅದರಲ್ಲೇ ಕಳಿಸಬೇಕಾದರೆ ಡಾಕ್ಯುಮೆಂಟ್ ಎಂದು ಆರಿಸಿ ವೇವ್ ಫೈಲನ್ನೇ ಕಳಿಸು. ಯಾವ ಪ್ರತಿಧ್ವನಿಯನ್ನೂ ಕೂಡಿಸದೆ, ತಂಬೂರಿಯಿಲ್ಲದೆ, ಬರೀ ಮೈಕು ಹಿಡಿದ ದನಿ. ಮುಂದಿನ ಅರ್ಧ ನಿಮಿಷದ ಮೌನವನ್ನೂ ಕತ್ತರಿಸಬೇಡ; ಕೋಣೆ ಹೇಗಾಗಿದೆ ಎಂದು ನಾನು ಅದರಲ್ಲೇ ಮೊದಲು ಕೇಳುತ್ತೇನೆ.